ಡ್ಯಾನ್ಯೂಬ್ ದಂಡೆಯ ಕುದುರೆದಾರಿ

ಜರ್ಮನಿಯ ಗಡಿಯಂಚಿನ ಪಸ್ಸಾವ್ ಪಟ್ಟಣ ಪೂರ್ವಕ್ಕೆ ಹೋಗುತ್ತ ಹೋಗುತ್ತ ಕಿರಿದಾಗಿ, ಕೊನೆಗೆ ಚೂಪಾದ ಒಂದು ಕಟ್ಟೆಯಾಗಿ ನೀರಿನಲ್ಲಿ ಮುಗಿಯುತ್ತದೆ. ಆ ತುದಿಯಲ್ಲಿ ನಿಂತವರಿಗೆ ಎಡಗಡೆ ಡ್ಯಾನ್ಯೂಬ್, ಬಲಗಡೆ ಇನ್, ಆಚೆ ದಡದ ಕೋಟೆಗುಡ್ಡದ ಬುಡದಿಂದ ನುಸುಳಿ ಬರುವ ಪುಟ್ಟ ಇಲ್ಜ್. ಮೂರಕ್ಕೂ ಬೇರೆ ಬೇರೆ ಬಣ್ಣ. ಆಲ್ಪ್ಸ್‌ನ ಹಿಮನದಿಗಳು ಅರೆದ ಕಲ್ಲಿನ ಹಿಟ್ಟನ್ನು ಹೊತ್ತು ತರುವ ಇನ್ ಬೂದು ಬೆರೆತ ಹಸಿರು. ಜೌಗುನೆಲದ ಕಾಡಿನಿಂದ ಸೋಸಿ ಬರುವ ಇಲ್ಜ್ ಕಪ್ಪು. ಸ್ಟ್ರೌಸ್‌ನ ಸಂಗೀತದಲ್ಲಿ ನೀಲಿಯಾಗಿರುವ ಡ್ಯಾನ್ಯೂಬ್ ನಾನು ಕಂಡಂತೆ ಕಂದು. ಕೂಡಿದ ಮೇಲೂ ಒಂದಷ್ಟು ದೂರ ಅವು ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ತಿರುಮಕೂಡಲು ನರಸೀಪುರದಲ್ಲಿ ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಮೂರನೆಯದನ್ನು ನಂಬಬೇಕು. ಇಲ್ಲಿ ನಂಬುವ ಪ್ರಮೇಯವೇ ಇಲ್ಲ, ಮೂರೂ ಬಣ್ಣ ಸಮೇತ ಹಾಜರು. ವರ್ಷದ ಲೆಕ್ಕ ಹಾಕಿದರೆ ಇನ್ ತರುವ ನೀರೇ ಹೆಚ್ಚಂತೆ, ಆದರೂ ಮುಂದಕ್ಕೆ ಹೆಸರು ಉಳಿದದ್ದು ಡ್ಯಾನ್ಯೂಬ್‌ನದು. ನದಿಗಳ ಸಂಸಾರದಲ್ಲೂ ಇಂಥ ಅನ್ಯಾಯಗಳಿವೆ.

ಮೂರು ನದಿ ಕೂಡುವ ಊರಿಗೆ ನೆರೆಯೇನೂ ಹೊಸತಲ್ಲ. ಪುರಭವನದ ಗೋಪುರದ ಗೋಡೆಯಲ್ಲಿ ಒಂದೊಂದು ನೆರೆ ಎಲ್ಲಿಯವರೆಗೆ ಏರಿತ್ತೆಂದು ಗೆರೆ ಎಳೆದು ಇಸವಿ ಬರೆದಿದ್ದಾರೆ. ಕತ್ತೆತ್ತಿ ಓದಬೇಕು. 2013ರ ಜೂನ್‌ನಲ್ಲಿ ನೀರ್ಮಟ್ಟ 12.89 ಮೀಟರ್ ಮುಟ್ಟಿತು. ಅದನ್ನು ಮೀರಿಸಿದ್ದು 1501ರ ನೆರೆ ಮಾತ್ರ. ಅದೇ ಗೋಡೆಯ ಕೆಳಗೆ ಈಗ ಕುರ್ಚಿ ಹಾಕಿಕೊಂಡು ಜನ ಕಾಫಿ ಕುಡಿಯುತ್ತಿದ್ದರು.

ಇಲ್ಲಿಂದ ವಿಯೆನ್ನಾವರೆಗೆ ನದಿಯ ಮಗ್ಗುಲಲ್ಲೇ ಸುಮಾರು 320 ಕಿಲೋಮೀಟರ್ ಸೈಕಲ್ ದಾರಿ. ಫ್ರಾನ್ಸಿನ ಅಟ್ಲಾಂಟಿಕ್ ತೀರದಿಂದ ಹೊರಟು ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6 ಎಂಬ ಮಹಾಮಾರ್ಗದಲ್ಲಿ ಅತಿ ಹೆಚ್ಚು ಜನ ತುಳಿಯುವ ತುಣುಕುಗಳಲ್ಲಿ ಇದೂ ಒಂದು. ದೊಡ್ಡ ಏರುಗಳಿಲ್ಲ. ನದಿ ಎಷ್ಟು ಇಳಿಯುತ್ತದೋ ದಾರಿಯೂ ಅಷ್ಟೇ ಇಳಿಯುತ್ತದೆ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಅಂದರೆ ಬೆನ್ನ ಹಿಂದಿನಿಂದ. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು, ಹಿಂದೆ ಪುಟ್ಟ ಗಾಡಿ ಕಟ್ಟಿ ಅದರಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಂದಿರು, ಎರಡೂ ಕಡೆ ಚೀಲ ತೂಗುಹಾಕಿದ ಕಾಲೇಜು ಹುಡುಗರು ಎಲ್ಲರೂ ಒಂದೇ ದಿಕ್ಕಿಗೆ ಹೊರಟಿರುತ್ತಾರೆ.

ದಾರಿಯನ್ನು ಮೊದಲು ಮಾಡಿದವರ ದಿಕ್ಕು ಮಾತ್ರ ತಿರುವುಮುರುವು. ಉಗಿದೋಣಿ ಬರುವ ಮುಂಚೆ ನದಿಯಲ್ಲಿ ಕೆಳಕ್ಕೆ ಹೋಗುವುದು ಸುಲಭ, ಮೇಲಕ್ಕೆ ಬರುವುದೇ ಕಷ್ಟ. ಸಾಮಾನು ತುಂಬಿದ ದೋಣಿಗಳನ್ನು ಒಂದರ ಹಿಂದೊಂದು ಕಟ್ಟಿ, ಹತ್ತಾರು ಕುದುರೆಗಳು ದಡದ ಮೇಲೆ ನಡೆಯುತ್ತ ದಪ್ಪ ಹಗ್ಗದಿಂದ ಎಳೆದು ತರುತ್ತಿದ್ದವು. ಪ್ರತಿ ಕುದುರೆಯ ಮೇಲೂ ಒಬ್ಬ ಸವಾರ. ಸೆಳವು ಜೋರಾಗಿದ್ದು ದೋಣಿ ಹಿಂದಕ್ಕೆ ಜಗ್ಗಿದರೆ ಕುದುರೆ, ಸವಾರ ಎರಡೂ ನೀರಿಗೆ. ಹಾಗೆ ವಾರಗಟ್ಟಲೆ ನಡೆದರೆ ಕೆಳಗಿನ ಬೆಟ್ಟಗಳ ದ್ರಾಕ್ಷಾರಸ ಮೇಲಿನ ಊರುಗಳನ್ನು ಸೇರುತ್ತಿತ್ತು. 1830ರ ದಶಕದಲ್ಲಿ ಉಗಿದೋಣಿ ಓಡತೊಡಗಿದ ಮೇಲೆ ಕುದುರೆಗಳಿಗೆ ಕ್ರಮೇಣ ಕೆಲಸ ಹೋಯಿತು, ದಾರಿ ಉಳಿಯಿತು. ಅದಕ್ಕೆ ಡಾಂಬರು ಹಾಕಿ ಸೈಕಲ್ಲಿಗೆ ಬಿಟ್ಟಿದ್ದಾರೆ. ಹರಿವಿಗೆದುರಾಗಿ ಏದುಸಿರು ಬಿಟ್ಟವರ ಹೆಜ್ಜೆಜಾಡಿನ ಮೇಲೆ ನಾವೆಲ್ಲ ಹರಿವಿನ ಜೊತೆ ಜಾರಿಕೊಂಡು ಹೋಗುವ ಸೋಮಾರಿಗಳು. ಈ ಯೋಚನೆ ವಿಯೆನ್ನಾ ತಲುಪುವವರೆಗೂ ನನ್ನ ಬೆನ್ನು ಬಿಡಲಿಲ್ಲ.

ದಂಡೆಯಲ್ಲಿ ಅಲ್ಲಲ್ಲಿ ದೋಣಿಯವರಿಗಾಗಿ ನೆಟ್ಟ ಕಿಲೋಮೀಟರ್ ಫಲಕಗಳಿವೆ. ಮುಂದೆ ಹೋದಂತೆ ಅಂಕಿ ಕಡಿಮೆಯಾಗುತ್ತದೆ. ಡ್ಯಾನ್ಯೂಬ್‌ನ ಲೆಕ್ಕ ಶುರುವಾಗುವುದು ಹುಟ್ಟಿದಲ್ಲಿಂದ ಅಲ್ಲ, ಸಮುದ್ರ ಸೇರುವ ರೊಮೇನಿಯಾದ ಸುಲಿನಾದಿಂದ. ಪಸ್ಸಾವ್‌ನಲ್ಲಿ ಅದು 2,220ರ ಆಚೆ ಇರುತ್ತದೆ. ಪೆಡಲ್ ತುಳಿದಷ್ಟೂ ಸಮುದ್ರಕ್ಕೆ ಇನ್ನೆಷ್ಟು ಉಳಿಯಿತೆಂದು ನದಿಯೇ ಹೇಳುತ್ತ ಹೋಗುವುದು ವಿಚಿತ್ರ ಖುಷಿ.

ಮೊದಲ ಹಂತದಲ್ಲಿ ಕಣಿವೆ ಇಕ್ಕಟ್ಟು. ಎರಡೂ ಕಡೆ ಕಡಿದಾದ ಕಾಡು, ನಡುವೆ ಕಪ್ಪು ಹಸಿರಿನ ನೀರು. ಶ್ಲ್ಯೋಗೆನ್ ಎಂಬಲ್ಲಿ ನದಿಗೆ ಗ್ರಾನೈಟ್ ಬೆಟ್ಟ ಎದುರಾಗುತ್ತದೆ. ಡ್ಯಾನ್ಯೂಬ್ ಅದನ್ನು ಸೀಳಲು ಹೋಗದೆ ಪೂರ್ತಿ ಸುತ್ತು ಹಾಕಿ, ಬಂದ ದಿಕ್ಕಿಗೇ ಮುಖ ತಿರುಗಿಸಿ, ಮತ್ತೆ ಮನಸ್ಸು ಬದಲಾಯಿಸಿ ಮುಂದೆ ಹೊರಡುತ್ತದೆ. ಕೆಳಗಿನಿಂದ ನೋಡಿದರೆ ಇದೇನೂ ಗೊತ್ತಾಗುವುದಿಲ್ಲ, ಸೂರ್ಯ ಮುಂದಿದ್ದವನು ಹಿಂದೆ ಬಂದದ್ದು ಮಾತ್ರ ತಿಳಿಯುತ್ತದೆ. ಸೈಕಲ್ಲಿಗೆ ಬೀಗ ಹಾಕಿ ಅರ್ಧ ತಾಸು ಕಾಡುದಾರಿ ಹತ್ತಿದೆ. ಮೇಲಿನ ಬಂಡೆಯಿಂದ ಬಗ್ಗಿ ನೋಡಿದರೆ ಇಡೀ ಕುಣಿಕೆ ಕಣ್ಣೊಳಗೆ. ಒಂದು ಸರಕುದೋಣಿ ಎಡಗಡೆ ಮರದ ಮರೆಗೆ ಹೋಯಿತು. ಬಹಳ ಹೊತ್ತಾದ ಮೇಲೆ ಬಲಗಡೆಯಿಂದ, ಅದೇ ದೋಣಿ, ಉಲ್ಟಾ ದಿಕ್ಕಿಗೆ ಹೋಗುವಂತೆ ಕಾಣಿಸಿತು. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ನನಗೂ ತಟ್ಟಬೇಕೆನಿಸಿತು, ವಯಸ್ಸು ಅಡ್ಡ ಬಂತು. ಕುಣಿಕೆಯ ಉತ್ತರ ದಂಡೆಯಲ್ಲಿ ಬೆಟ್ಟ ನೇರ ನೀರಿಗೇ ಇಳಿಯುವಲ್ಲಿ ದಾರಿಗೆ ಜಾಗವೇ ಇಲ್ಲ, ಸೈಕಲ್ಲಿನವರನ್ನು ಚಿಕ್ಕ ದೋಣಿಯಲ್ಲಿ ಹೇರಿಕೊಂಡು ಮುಂದೆ ಬಿಡುತ್ತಾರೆ.

ಕಣಿವೆ ಬಿಚ್ಚಿಕೊಂಡ ಮೇಲೆ ಲಿಂಟ್ಸ್‌ವರೆಗೆ ಬಯಲು, ಹೊಲ, ಕಟ್ಟೆ, ಕಾರ್ಖಾನೆ. ಬೇಗ ಬೇಗ ತುಳಿದೆ. ನೆನಪಿನಲ್ಲಿರುವುದು ಹಳ್ಳಿಯೊಂದರ ಅಂಗಡಿಯ ಗೋಡೆಗೆ ಹಾಕಿದ್ದ ಪೆಟ್ಟಿಗೆ: ಕಾಸು ಹಾಕಿ ಗುಂಡಿ ಒತ್ತಿದರೆ ಹೊಸ ಟ್ಯೂಬ್ ಬೀಳುತ್ತದೆ. ಭಾನುವಾರ, ಅಂಗಡಿ ಮುಚ್ಚಿದೆ, ಟೈರ್ ಪಂಕ್ಚರ್ ಎಂದರೆ ಯಾರೂ ಬೆವರಬೇಕಾಗಿಲ್ಲ.

ಲಿಂಟ್ಸ್ ಎಂದರೆ ಎಲ್ಲರೂ ಅಲ್ಲಿನ ಲಿಂಟ್ಸರ್ ಟೋರ್ಟೆ ಎಂಬ ಕೇಕ್ ತಿನ್ನಲು ಹೇಳುತ್ತಾರೆ. ತಿಂದೆ, ಚೆನ್ನಾಗಿದೆ. ನನ್ನ ಕುತೂಹಲ ಬೇರೆ ಕಡೆ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಯೋಹಾನೆಸ್ ಕೆಪ್ಲರ್ 1612ರಿಂದ 1626ರವರೆಗೆ ಇದೇ ಊರಿನಲ್ಲಿದ್ದ. 1613ರಲ್ಲಿ ಆತನ ಎರಡನೆಯ ಮದುವೆ. ಆ ವರ್ಷ ದ್ರಾಕ್ಷಿ ಬೆಳೆ ಚೆನ್ನಾಗಿತ್ತು, ಕೆಳಗಿನ ಆಸ್ಟ್ರಿಯಾದಿಂದ ಬಂದ ಪೀಪಾಯಿಗಳು ಲಿಂಟ್ಸ್‌ನ ದಂಡೆಯಲ್ಲಿ ಸಾಲುಗಟ್ಟಿದ್ದವು. ಮನೆಗೆಂದು ಕೆಪ್ಲರ್ ಕೆಲವನ್ನು ಕೊಂಡ. ಅಳೆಯಲು ಬಂದ ವರ್ತಕ ಒಂದು ಕೋಲನ್ನು ಪೀಪಾಯಿಯ ನಡುವಿನ ತೂತಿನಿಂದ ಓರೆಯಾಗಿ, ಎದುರು ಮೂಲೆ ಮುಟ್ಟುವವರೆಗೆ ಇಳಿಸಿದ, ತೇವ ಎಲ್ಲಿಯವರೆಗೆ ಬಂತು ನೋಡಿದ, ಬೆಲೆ ಹೇಳಿದ. ಎಲ್ಲ ಪೀಪಾಯಿಗೂ ಅದೊಂದೇ ಕೋಲು. ಕುಳ್ಳಗೆ ಅಗಲವಾದದ್ದಕ್ಕೂ ಉದ್ದಕ್ಕೆ ಸಣಕಲಾದದ್ದಕ್ಕೂ ಕೋಲು ಒಂದೇ ಅಳತೆ ತೋರಿಸಬಹುದಲ್ಲ, ಒಳಗಿನ ರಸ ಒಂದೇ ಇದ್ದೀತೇ? ಮದುಮಗನಿಗೆ ಈ ಅನುಮಾನ ಹತ್ತಿತು. ಅದರ ಹಿಂದೆ ಬಿದ್ದು ಬರೆದ ಪುಸ್ತಕ 1615ರಲ್ಲಿ ಲಿಂಟ್ಸ್‌ನಲ್ಲೇ ಅಚ್ಚಾಯಿತು. ಬಾಗಿದ ಆಕಾರಗಳನ್ನು ತೆಳು ತೆಳು ಹೋಳುಗಳಾಗಿ ಕಲ್ಪಿಸಿ ಅಳೆಯುವ ಆ ರೀತಿ ಮುಂದೆ ಕಲನಶಾಸ್ತ್ರವಾಗಿ ಬೆಳೆದ ಗಣಿತದ ಹಾದಿಯಲ್ಲಿ ಒಂದು ಹೆಜ್ಜೆ. ತಮಾಷೆಯೆಂದರೆ ವರ್ತಕ ಮೋಸಗಾರನೇನೂ ಆಗಿರಲಿಲ್ಲ. ಆಸ್ಟ್ರಿಯಾದ ಬಡಗಿಗಳು ಪೀಪಾಯಿಯನ್ನು ಎಂಥ ಪ್ರಮಾಣದಲ್ಲಿ ಮಾಡುತ್ತಿದ್ದರೆಂದರೆ, ಆಕಾರ ತುಸು ಹೆಚ್ಚುಕಡಿಮೆಯಾದರೂ ಒಳಗೆ ಹಿಡಿಯುವ ರಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರುತ್ತಿರಲಿಲ್ಲ ಎಂದು ಕೆಪ್ಲರನೇ ಲೆಕ್ಕ ಹಾಕಿ ತೋರಿಸಿದ. ಕೆಳಗಿನ ಆಸ್ಟ್ರಿಯಾದ ಸರಕು ಲಿಂಟ್ಸ್‌ಗೆ ಬರಬೇಕಾದರೆ ನದಿಗೆದುರಾಗಿಯೇ ಬರಬೇಕು. ಒಂದು ಹೊಸ ಗಣಿತದ ಮೊದಲ ಭಾರವನ್ನು ಎಳೆದು ತಂದವರು ಈ ದಂಡೆಯವರೇ.

ಲಿಂಟ್ಸ್‌ನಿಂದ ಕೆಳಗೆ ಮೌಟ್‌ಹೌಸನ್. ನದಿಗೆ ಮುಖ ಮಾಡಿದ, ಬಣ್ಣ ಬಣ್ಣದ ಮನೆಗಳ ಚೊಕ್ಕ ಊರು. ದಾರಿ ಬಿಟ್ಟು ಎಡಕ್ಕೆ ಗುಡ್ಡ ಹತ್ತಿದರೆ 1938ರಿಂದ 1945ರವರೆಗೆ ನಾಜಿಗಳು ನಡೆಸಿದ ಯಾತನಾ ಶಿಬಿರ. ವಿಯೆನ್ನಾದ ಬೀದಿಗಳಿಗೆ ಹಾಸುಗಲ್ಲು ಒದಗಿಸುತ್ತಿದ್ದ ಗ್ರಾನೈಟ್ ಗಣಿಯೊಂದು ಇಲ್ಲಿತ್ತೆಂಬ ಕಾರಣಕ್ಕೇ ಈ ಜಾಗ ಆರಿಸಿದರು. ಸುಮಾರು 1,90,000 ಜನರನ್ನು ಇಲ್ಲಿಗೂ ಇದರ ಉಪಶಿಬಿರಗಳಿಗೂ ತಂದರು. ಕನಿಷ್ಠ 90,000 ಮಂದಿ ಸತ್ತರು. ಗಣಿಯ ತಳದಿಂದ ಮೇಲಕ್ಕೆ 186 ಮೆಟ್ಟಿಲು. ಬೆನ್ನ ಮೇಲೆ ಕಲ್ಲು ಹೊತ್ತು ಕೈದಿಗಳು ಹತ್ತಬೇಕಾಗಿದ್ದ ಮೆಟ್ಟಿಲು. ಕೆಳಗೆ ನಿಂತು ಅವನ್ನು ನೋಡಿದೆ. ಸೈಕಲ್ ಪ್ರವಾಸದ ಕೈಪಿಡಿಗಳು ಈ ಏರನ್ನು ‘ಬೇಕಿದ್ದರೆ ಹೋಗಬಹುದು’ ಎಂಬ ಧಾಟಿಯಲ್ಲಿ ಬರೆಯುತ್ತವೆ. ಹೋಗಲೇಬೇಕು ಎಂದು ನಾನು ಹೇಳುತ್ತೇನೆ. ಗುಡ್ಡದ ಮೇಲಿಂದ ನದಿಬಯಲು, ಹೊಲ, ಚರ್ಚಿನ ಗೋಪುರ ಎಲ್ಲ ಕಾಣುತ್ತವೆ. ಆಗಲೂ ಕಾಣುತ್ತಿದ್ದಿರಬೇಕು. ಆ ದಿನ ಅದಕ್ಕಿಂತ ಮುಂದೆ ಹೆಚ್ಚು ದೂರ ಹೋಗಲಾಗಲಿಲ್ಲ.

ಗ್ರೈನ್ ಹತ್ತಿರ ಕಣಿವೆ ಮತ್ತೆ ಇಕ್ಕಟ್ಟಾಗುತ್ತದೆ. ಸ್ಟ್ರೂಡೆನ್‌ಗಾವ್ ಎಂಬ ಈ ಭಾಗದ ಸುಳಿಗಳಿಗೆ ದೋಣಿಯವರು ಪ್ರಾಣ ಕೈಯಲ್ಲಿ ಹಿಡಿದು ಬರುತ್ತಿದ್ದರು. ರಾಣಿ ಮರಿಯಾ ಥೆರೇಸಾಳ ಕಾಲದಿಂದ ಮುಂದಿನ ಶತಮಾನದವರೆಗೆ ಬಂಡೆಗಳನ್ನು ಸಿಡಿಸಿದರು. ಉಳಿದ ಅಬ್ಬರವನ್ನು 1959ರಲ್ಲಿ ಮುಗಿದ ಇಬ್ಸ್-ಪೆರ್ಸೆನ್‌ಬೋಯ್ಗ್ ಅಣೆಕಟ್ಟಿನ ಹಿನ್ನೀರು ನುಂಗಿತು. ಈಗ ಅಲ್ಲಿ ಬಾತುಕೋಳಿಗಳು ತೇಲುತ್ತವೆ. ದೋಣಿಯವರ ದುಡ್ಡಿನಿಂದ ಬೆಳೆದ ಗ್ರೈನ್‌ನಲ್ಲಿ 1791ರ ಒಂದು ಪುಟಾಣಿ ನಾಟಕಶಾಲೆ ಉಳಿದಿದೆ. ಹಿಂದೆ ಧಾನ್ಯದ ಉಗ್ರಾಣವಾಗಿತ್ತಂತೆ. ಮಡಚುವ ಆಸನಗಳಿಗೆ ಬೀಗ. ಜಾಗ ಕಾದಿರಿಸಿದವರ ಹತ್ತಿರವೇ ಕೀಲಿ. ಪ್ರೇಕ್ಷಾಗೃಹದ ಬದಿಯಲ್ಲೇ, ಬರೀ ಪರದೆ ಎಳೆದುಕೊಳ್ಳುವ ಶೌಚದ ಮೂಲೆ. ಒಳಗೆ ಕೂತವರಿಗೂ ನಾಟಕ ತಪ್ಪುತ್ತಿರಲಿಲ್ಲ. ರಾತ್ರಿಯಿಡೀ ಬಯಲಾಟ ನೋಡಿದ ನಮ್ಮ ಕಡೆಯ ಹಿರಿಯರು ಈ ಏರ್ಪಾಟನ್ನು ಮೆಚ್ಚುತ್ತಿದ್ದರು.

ಆಮೇಲೆ ಮೆಲ್ಕ್. ಬಂಡೆಯ ಮೇಲೆ ಹಳದಿ ಬಣ್ಣದ ಬೆನೆಡಿಕ್ಟ್ ಮಠ, 1089ರಿಂದ ಸನ್ಯಾಸಿಗಳು ಇದ್ದಾರೆ. ಈಗಿನ ಕಟ್ಟಡ ವಾಸ್ತುಶಿಲ್ಪಿ ಯಾಕೋಬ್ ಪ್ರಾಂಟೌವರ್ 1702ರಲ್ಲಿ ಕೈಗೆತ್ತಿಕೊಂಡದ್ದು. ಒಳಗೆ ಚಿನ್ನದ ಹೊಳಪು ನನಗೆ ಅತಿಯಾಯಿತು. ಗ್ರಂಥಾಲಯ ಅತಿಯಾಗಲಿಲ್ಲ: ಸುಮಾರು ಒಂದು ಲಕ್ಷ ಪುಸ್ತಕ, ಸೂರು ಮುಟ್ಟುವ ಕಪಾಟುಗಳು, ಹಳೆಯ ತೊಗಲಿನ ವಾಸನೆ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಸುಮಾರು 36 ಕಿಲೋಮೀಟರಿನ ಹೆಸರು ವಾಖಾವ್. ಯುನೆಸ್ಕೊ 2000ದಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೈಕಲ್ಲಿನಿಂದ ಇಳಿದು ಇಳಿದು, ನಿಂತು ನಿಂತು ಹೋದೆ. ಬೆಟ್ಟದ ಮೈಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಪಾಗಾರಗಳು, ಅವುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ದ್ರಾಕ್ಷಿ. ಹಗಲು ಕಲ್ಲು ಕಾಯುತ್ತದೆ, ರಾತ್ರಿ ಆ ಶಾಖವನ್ನು ಬಳ್ಳಿಗೆ ಬಿಟ್ಟುಕೊಡುತ್ತದೆ. ಪಾಗಾರದ ಸಂದಿನಲ್ಲಿ ಪಚ್ಚೆ ಬಣ್ಣದ ಹಲ್ಲಿಗಳು ಬಿಸಿಲು ಕಾಯಿಸುತ್ತವೆ. ಇಲ್ಲಿನ ಅತ್ಯುತ್ತಮ ದರ್ಜೆಯ ವೈನಿಗೆ ಆ ಹಲ್ಲಿಯ ಹೆಸರನ್ನೇ ಇಟ್ಟಿದ್ದಾರೆ. ಒಂದನ್ನು ಹತ್ತಿರದಿಂದ ನೋಡಿದೆ: ಗಂಟಲು ನೀಲಿ, ಬೆನ್ನು ಎಳೆ ಬತ್ತದ ಹಸಿರು, ನನ್ನ ನೆರಳು ಬಿದ್ದದ್ದೇ ತಡ, ಮಾಯ.

ಜುಲೈ ತಿಂಗಳು, ಮರಿಲ್ಲೆ ಕೊಯ್ಲಿನ ಕಾಲ. ಏಪ್ರಿಕಾಟನ್ನು ಇಲ್ಲಿ ಹಾಗೆನ್ನುತ್ತಾರೆ. ದಾರಿಬದಿಯ ಮರದ ಗೂಡಿನಲ್ಲಿ ಹಣ್ಣಿನ ಬುಟ್ಟಿ, ಬೆಲೆ ಬರೆದ ಹಲಗೆ, ದುಡ್ಡು ಹಾಕಲು ಡಬ್ಬಿ. ಕಾಯುವವರಿಲ್ಲ. ಒಂದು ಗೂಡಿನ ಹತ್ತಿರ ಮಾತ್ರ ಯಜಮಾನಿಯೇ ಸಿಕ್ಕಿದರು. ನಾನು ಕೆಂಪಗೆ ಹೊಳೆಯುವ ಹಣ್ಣು ಆರಿಸುತ್ತಿದ್ದುದನ್ನು ನೋಡಿ, ತಲೆ ಅಲ್ಲಾಡಿಸಿ, ಕಲೆ ಬಿದ್ದ, ನೋಡಲು ಚೆಂದವಿಲ್ಲದ ಒಂದನ್ನು ತೆಗೆದು ಎರಡೂ ಹೆಬ್ಬೆರಳಿನಿಂದ ಸೀಳಿದರು. ಬೀಜ ಒಣಗಿದಂತೆ ತಾನೇ ಉದುರಿತು. “ಹೀಗೆ ಬಿಡಬೇಕು. ಬಿಡದಿದ್ದರೆ ಇನ್ನೂ ಎರಡು ದಿನ ಕಾಯಬೇಕು. ಅಂಗಡಿಗೆ ಹೋಗುವುದೆಲ್ಲ ಕಾಯದೆ ಕಿತ್ತದ್ದು,” ಎಂದರು. ಹಣ್ಣು ಬಿಸಿಲಿಗೆ ಬೆಚ್ಚಗಿತ್ತು. ರಸ ಮೊಣಕೈವರೆಗೆ ಇಳಿಯಿತು. ಎಲ್ಲಿಂದ ಬಂದಿರಿ ಎಂದು ಕೇಳಿ, ಇಂಡಿಯಾ ಎಂದದ್ದಕ್ಕೆ, “ಸೈಕಲ್ಲಿನಲ್ಲೇ?” ಎಂದು ಗಾಬರಿಯಾದರು.

ವಿಲ್ಲೆಂಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ 1908ರ ಆಗಸ್ಟ್ 7ರಂದು, ರೈಲುದಾರಿಯ ಕೆಲಸ ನಡೆಯುತ್ತಿದ್ದಾಗ, ಮಣ್ಣಿನಿಂದ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಹೆಣ್ಣಿನ ಬೊಂಬೆ ಸಿಕ್ಕಿತು. ಎತ್ತರ 11 ಸೆಂಟಿಮೀಟರ್, ವಯಸ್ಸು ಮೂವತ್ತು ಸಾವಿರ ವರ್ಷಗಳ ಹತ್ತಿರ. ಮುಖವಿಲ್ಲ, ಪಾದವಿಲ್ಲ. ತಲೆಯ ಸುತ್ತ ಹೆಣೆದಂಥ ಸಾಲುಗಳು, ಮೈಮೇಲೆ ಕೆಮ್ಮಣ್ಣಿನ ಉಳಿಕೆ. ಅಸಲು ಬೊಂಬೆ ವಿಯೆನ್ನಾದ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಕೆತ್ತಿದ ಸುಣ್ಣದಕಲ್ಲು ಈ ಸೀಮೆಯದಲ್ಲ, ಆಲ್ಪ್ಸ್‌ನ ಆಚೆ ಇಟಲಿಯ ಉತ್ತರದಿಂದ ಬಂದದ್ದಿರಬಹುದು ಎನ್ನುತ್ತದೆ 2022ರಲ್ಲಿ ಪ್ರಕಟವಾದ ಸಂಶೋಧನೆ. ಹಿಮಯುಗದಲ್ಲಿ, ಚಕ್ರವೇ ಇಲ್ಲದ ಕಾಲದಲ್ಲಿ, ಯಾರ ಮಡಿಲಲ್ಲೋ ಯಾರ ಮುಷ್ಟಿಯಲ್ಲೋ ಅದು ಈ ದಂಡೆಗೆ ಬಂತು. ಇಪ್ಪತ್ತೊಂದು ಗೇರಿನ ಸೈಕಲ್ಲಿನ ಮೇಲೆ ಕೂತು ದೂರದ ಬಗ್ಗೆ ಮಾತಾಡುವುದು ನಾಚಿಕೆಗೇಡು ಎನಿಸಿತು.

ಸ್ಪಿಟ್ಸ್‌ನಲ್ಲಿ ನದಿ ದಾಟಬೇಕಿತ್ತು. ಸೇತುವೆ ಇಲ್ಲ, ಕಡವು. ನದಿಗೆ ಅಡ್ಡಲಾಗಿ, ಎರಡು ದಡದ ಎತ್ತರದ ಕಂಬಗಳ ನಡುವೆ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಅದರ ಮೇಲೆ ಓಡಾಡುವ ರಾಟೆಯಿಂದ ಇಳಿಬಿಟ್ಟ ಹಗ್ಗಕ್ಕೆ ದೋಣಿ ಕಟ್ಟಿದೆ. ಕಾರು, ಸೈಕಲ್ಲು, ನಾಯಿ, ಜನ ಎಲ್ಲ ಹತ್ತಿಯಾದ ಮೇಲೆ ಅಂಬಿಗ ಚುಕ್ಕಾಣಿ ತಿರುಗಿಸಿದ. ದೋಣಿ ಹರಿವಿಗೆ ಒಂದು ಚೂರು ಓರೆಯಾಯಿತು, ಅಷ್ಟೇ. ಕೆಳಕ್ಕೆ ತಳ್ಳಲು ಬಂದ ನೀರು, ಹಗ್ಗ ಬಿಡದ್ದರಿಂದ, ದೋಣಿಯನ್ನು ಪಕ್ಕಕ್ಕೆ ತಳ್ಳತೊಡಗಿತು. ಯಂತ್ರವಿಲ್ಲ, ಹುಟ್ಟಿಲ್ಲ, ಹೊಗೆಯಿಲ್ಲ. ತಲೆಯ ಮೇಲೆ ರಾಟೆ ಕಿರುಗುಟ್ಟುವ ಸದ್ದು, ಅಡಿಯಲ್ಲಿ ನೀರಿನ ಗುಳುಗುಳು. ಹರಿವಿಗೆದುರು ಹೋಗಲು ಕುದುರೆ ಹೂಡಿದ ಜನವೇ ಹರಿವಿಗೆ ಅಡ್ಡ ಹೋಗಲು ಹರಿವನ್ನೇ ಹೂಡಿದ್ದಾರೆ. ವಾಪಸು ಬರುವಾಗ? ಓರೆಯನ್ನು ಆ ಕಡೆಗೆ ಮಾಡಿದರಾಯಿತು. ನೀರು ಸತ್ತುಬಿದ್ದಿದ್ದರೆ ಇದೆಲ್ಲ ನಡೆಯುವುದಿಲ್ಲ. ಆಸ್ಟ್ರಿಯಾದ ಡ್ಯಾನ್ಯೂಬ್ ಬಹುತೇಕ ಅಣೆಕಟ್ಟುಗಳ ಮೆಟ್ಟಿಲು, ಸ್ವಂತ ಓಟದಲ್ಲಿ ಉಳಿದಿರುವುದು ವಾಖಾವ್ ಮತ್ತು ವಿಯೆನ್ನಾದ ಕೆಳಗಿನ ಭಾಗ ಮಾತ್ರ. ಇಲ್ಲಿಯೂ ಒಂದು ಕಟ್ಟುವ ಯೋಜನೆ ಇತ್ತು, ಊರವರು ಎದ್ದು ನಿಂತು ಬೇಡವೆಂದರು. ಆಚೆ ದಡಕ್ಕೆ ಹೋದವನು ಮತ್ತೊಂದು ಟಿಕೆಟ್ ಕೊಂಡು ಅದೇ ದೋಣಿಯಲ್ಲಿ ಸುಮ್ಮನೆ ಒಂದು ಸುತ್ತು ಬಂದೆ. ಅಂಬಿಗ ಏನೂ ಕೇಳಲಿಲ್ಲ.

ಡ್ಯುರ್ನ್‌ಸ್ಟೈನ್‌ನ ಪಾಳುಕೋಟೆಯಲ್ಲಿ ಇಂಗ್ಲೆಂಡಿನ ರಾಜ ಸಿಂಹಹೃದಯಿ ರಿಚರ್ಡ್ 1192–93ರ ಚಳಿಗಾಲದಲ್ಲಿ ಸೆರೆಯಲ್ಲಿದ್ದ. ಬಿಡುಗಡೆಗೆ ತೆತ್ತ ಬೆಳ್ಳಿಯ ಪಾಲಿನಿಂದ ಆಸ್ಟ್ರಿಯಾದವರು ಬೇರೆಡೆ ಒಂದು ಪಟ್ಟಣವನ್ನೇ ಕಟ್ಟಿದರು. ಕೆಳಗಿನ ಬೀದಿಯಲ್ಲಿ ವಿಹಾರದೋಣಿಗಳಿಂದ ಇಳಿದವರ ಜಾತ್ರೆ, ಏಪ್ರಿಕಾಟಿನ ಸೋಪು, ಏಪ್ರಿಕಾಟಿನ ಸಾಸಿವೆ. ತಳ್ಳಿಕೊಂಡು ದಾಟಿದೆ.

ಕ್ರೆಮ್ಸ್ ಕಳೆದರೆ ಬೆಟ್ಟಗಳು ಹಿಂದೆ ಸರಿದು ಟುಲ್ನ್ ಬಯಲು. ನೇರ ದಾರಿ, ನೇರ ಪಾಪ್ಲರ್ ಸಾಲು, ಬೇಸರ. ಇದ್ದಕ್ಕಿದ್ದಂತೆ ದಂಡೆಯ ಮೇಲೆ ಒಂದು ಬೂದು ಕಾಂಕ್ರೀಟ್ ಪೆಟ್ಟಿಗೆ, ಪಕ್ಕದಲ್ಲಿ ಎತ್ತರದ ಚಿಮಣಿ: ತ್ಸ್ವೆಂಟೆನ್‌ಡಾರ್ಫ್ ಅಣುಸ್ಥಾವರ. ಕೊನೆಯ ಬೋಲ್ಟಿನವರೆಗೆ ಕಟ್ಟಿ ಮುಗಿಸಿ, ಒಂದು ದಿನವೂ ಚಾಲೂ ಮಾಡಲಿಲ್ಲ. 1978ರ ನವೆಂಬರ್ 5ರಂದು ದೇಶದ ಜನರ ಮತ ಕೇಳಿದರು. ಬೇಡ ಎಂದವರು 50.47 ಶೇಕಡ. ಅಷ್ಟರಲ್ಲೇ ತೀರ್ಮಾನ. ಕೈಗಾದ ಹೆಸರು ಕೇಳಿ ಬೆಳೆದ ನನಗೆ, ಒಂದು ರಿಯಾಕ್ಟರಿನ ಗೋಡೆಯ ಪಕ್ಕ ಸೈಕಲ್ ಒರಗಿಸಿ ಬ್ರೆಡ್ಡು ತಿನ್ನುವುದು ನಂಬಲಾಗದ ಸಂಗತಿ. ಈಗ ಅಲ್ಲಿ ಸೌರಫಲಕಗಳಿವೆ, ಬೇರೆ ದೇಶದ ಸ್ಥಾವರಗಳ ಕೆಲಸಗಾರರಿಗೆ ತರಬೇತಿ ಕೊಡುತ್ತಾರೆ.

ಅಲ್ಲಿಯೇ ಎದುರು ಗಾಳಿಯಲ್ಲಿ ತುಳಿಯುತ್ತ ವಿಯೆನ್ನಾ ಕಡೆಯಿಂದ ಬಂದ ವಯಸ್ಸಾದ ದಂಪತಿ ನೀರು ಕುಡಿಯಲು ನಿಂತರು. ಇಬ್ಬರ ಮುಖವೂ ಕೆಂಪು. ಎಲ್ಲರೂ ಕೆಳಗೆ ಹೋಗುವಾಗ ನೀವೇಕೆ ಮೇಲೆ ಎಂದು ಕೇಳಿದೆ. “ಕೆಳಗೆ ಹೋದರೆ ಬರೀ ಬೆನ್ನು ಕಾಣುತ್ತದೆ. ಹೀಗೆ ಬಂದರೆ ಎಲ್ಲರ ಮುಖ,” ಎಂದರು ಆಕೆ. “ಸುಳ್ಳು. ನಮ್ಮ ಮನೆ ಪಸ್ಸಾವ್‌ನಲ್ಲಿದೆ, ಇವಳಿಗೆ ರೈಲಿನಲ್ಲಿ ತಲೆ ತಿರುಗುತ್ತದೆ,” ಎಂದರು ಯಜಮಾನರು.

ವಿಯೆನ್ನಾದಲ್ಲಿ ನದಿಗೆ ಜೊತೆಯಾಗಿ ಇನ್ನೊಂದು ನದಿಯನ್ನೇ ತೋಡಿದ್ದಾರೆ, ನೆರೆ ಬಂದಾಗ ನೀರು ಹಂಚಿಕೊಳ್ಳಲು. 1972ರಿಂದ 1988ರವರೆಗೆ ಅಗೆದ ಮಣ್ಣಿನಿಂದ ಎದ್ದ 21 ಕಿಲೋಮೀಟರ್ ಉದ್ದದ ದ್ವೀಪದಲ್ಲಿ ಸಂಜೆ ಅರ್ಧ ಊರೇ ಈಜುತ್ತಿತ್ತು, ಮಾಂಸ ಸುಡುತ್ತಿತ್ತು, ಮಕ್ಕಳನ್ನು ಬೈಯುತ್ತಿತ್ತು. ಇಲ್ಲಿಂದ ಸಮುದ್ರಕ್ಕೆ ಇನ್ನೂ 1,900 ಕಿಲೋಮೀಟರಿಗೂ ಹೆಚ್ಚು. ಮರುದಿನ ಬಾಡಿಗೆ ಅಂಗಡಿಯಲ್ಲಿ ಸೈಕಲ್ ಒಪ್ಪಿಸಿದೆ. ಹುಡುಗ ಟೈರ್ ಒತ್ತಿ ನೋಡಿದ, ಚೈನು ಮುಟ್ಟಿ ನೋಡಿದ, ಬೆರಳು ಒರೆಸಿಕೊಂಡ.

“ಪಂಕ್ಚರ್?”

“ಒಂದೂ ಇಲ್ಲ.”

“ಹಾಗಾದರೆ ಬುಡಾಪೆಸ್ಟ್‌ವರೆಗೆ ಹೋಗಬಹುದಿತ್ತಲ್ಲ,” ಎಂದು ರಸೀದಿ ಹರಿದ.